ಇಬ್ಬರು ತಳ್ಳುವಷ್ಟು ಗಾಡಿ

ಹೋದ ತಿಂಗಳು ದುದ್ದದಿಂದ ಒಂದು ಜೀಪು ಬಂದು, ಹಿಂದೆ ಕಟ್ಟಿಕೊಂಡು ಬಂದಿದ್ದ ಪುಟ್ಟ ಹಸಿರು ಗಾಡಿಯೊಂದನ್ನು ಹಾಸನದ ನಮ್ಮ ಮನೆಯ ಕಾಂಪೌಂಡಿನೊಳಗೆ ಬಿಟ್ಟು ಹೋಯಿತು. ಅವತ್ತಿನಿಂದ ನಮ್ಮ ಬೀದಿಗೆ ಕೆಲಸ ಸಿಕ್ಕಿದೆ. ಎದುರು ಮನೆಯವರು ಗೋಬಿ ಮಂಚೂರಿ ಅಂಗಡಿ ಯಾವತ್ತಿನಿಂದ ಶುರು ಎಂದು ಕೇಳಿದರು. ಹಾಲಿನವನು ನಾಯಿ ಸಾಕುತ್ತೀರಾ ಅಂದ. ನಾನು ಯಾರಿಗೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. "ಅದರೊಳಗೆ ನಾನು ಮಲಗುತ್ತೇನೆ" ಎಂದುಬಿಟ್ಟರೆ ನಮ್ಮ ಯಜಮಾನರ ಬಗ್ಗೆ ಜನ ಇಲ್ಲದ್ದು ಅಂದುಕೊಂಡಾರು.

ಗಾಡಿ ಎಂದರೆ ಮತ್ತೇನಿಲ್ಲ. ಎರಡು ಗಾಲಿಯ ಮೇಲೆ ಒಂದು ಮಂಚ, ಮಂಚಕ್ಕೊಂದು ತಗಡಿನ ಮಾಡು, ಪಕ್ಕಕ್ಕೊಂದು ಬಾಗಿಲು. ಹಿಂಬದಿಯ ಮುಚ್ಚಳ ಎತ್ತಿದರೆ ಅಡಿಗೆಮನೆ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವುದು, ಮನಸ್ಸಿಗೆ ಬಂದ ಕಡೆ ನಿಲ್ಲಿಸಿ ಮಲಗುವುದು. ಇದನ್ನು ಕಟ್ಟಿಸಿದವರು ನಮ್ಮ ಪಿ.ಟಿ. ಮೇಡಂ. ನಾಲ್ಕು ವರ್ಷ ನಾವಿಬ್ಬರೂ ಇದರಲ್ಲಿ ಹಾಸನ ಜಿಲ್ಲೆಯ ಅರ್ಧ ಹೊಲಗಳಲ್ಲಿ ಮಲಗಿ ಎದ್ದಿದ್ದೇವೆ. ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಹೋಗಿಬಿಟ್ಟರು. ಗಾಡಿ ತಂದುಕೊಟ್ಟವರು ಅವರ ತಮ್ಮ. "ಲೆಕ್ಕದ ಟೀಚರ್‌ಗೇ ಸೇರ್ಬೇಕು ಅಂತ ಅಕ್ಕ ಅಂದಿದ್ಲು ಕಣ್ರವ್ವ. ನಾವಿದನ್ನ ಇಟ್ಕಂಡು ಏನ್ ಮಾಡಾನ?" ಅಂದರು. ಲೆಕ್ಕದ ಟೀಚರ್ ನಾನು.

ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ನಾವು ಇಪ್ಪತ್ತೆರಡು ವರ್ಷ ಒಟ್ಟಿಗೆ ಕೆಲಸ ಮಾಡಿದೆವು. ನಾನು ದೇವಸ್ಥಾನದ ಬೀದಿಯವಳು, ಐದಡಿಗೆ ಒಂದಂಗುಲ ಕಡಿಮೆ, ಗುಡುಗಿದರೆ ಕಿಟಕಿ ಹಾಕುವವಳು. ಅವರು ದುದ್ದದ ರಾಗಿ ಹೊಲದಲ್ಲಿ ಬೆಳೆದವರು, ಐದಡಿ ಒಂಬತ್ತಂಗುಲ, ಕೊರಳಲ್ಲಿ ಸದಾ ಒಂದು ಸೀಟಿ. ಸ್ಟಾಫ್‌ರೂಮಿಗೆ ಅವರು ಬಂದರೆ ಕುರ್ಚಿಗಳು ನೆಟ್ಟಗೆ ಕೂರುತ್ತವೆ ಎಂದು ಹಿಂದಿ ಮೇಷ್ಟ್ರು ಹೇಳುತ್ತಿದ್ದರು. ಮದುವೆ ಆಗಿರಲಿಲ್ಲ. ಯಾಕೆ ಎಂದು ಊರೆಲ್ಲ ಕೇಳಿದ್ದರಿಂದ ನಾನು ಕೇಳಲಿಲ್ಲ. ನಮ್ಮ ಸ್ನೇಹ ಉಳಿದದ್ದು ಅದಕ್ಕೇ ಇರಬೇಕು.

ಅವರಿಗೆ ಒಂದು ನಿಯಮ ಇತ್ತು. ಖೋ-ಖೋ ಆಡುವಾಗ ಹುಡುಗಿ ಬಿದ್ದರೆ ಯಾರೂ ಎತ್ತುವ ಹಾಗಿಲ್ಲ. ನಾನು ಒಮ್ಮೆ ಮನಸ್ಸು ತಡೆಯದೆ ಓಡಿಹೋಗಿ ಎಂಟನೇ ಕ್ಲಾಸಿನ ಒಂದು ಮಗುವನ್ನು ಎತ್ತಲು ಬಗ್ಗಿದ್ದೆ. ಮೈದಾನದ ಆ ತುದಿಯಿಂದ ಸೀಟಿ ಊದಿದರು, ನನಗೆ. "ಬುಡ್ರೀ ಟೀಚರ್ರೇ! ಬಿದ್ದೋಳ್ನ ಎತ್ತಿದ್ರೆ ಏಳಾದು ಮರ್ತೋಯ್ತದೆ." ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಆ ಮಗು ತಾನಾಗಿ ಏಳುವ ತನಕ ಕಂಬದ ಹಾಗೆ ನಿಂತಿದ್ದರು. ಎದ್ದ ಮೇಲೆ ತಾವೇ ಗಾಯ ತೊಳೆದು, ಬ್ಯಾಗಿನಿಂದ ಕಡಲೆಮಿಠಾಯಿ ತೆಗೆದು ಕೊಟ್ಟರು. ನಿಯಮ ತಮಗೂ ಸೇರಿಯೇ ಇತ್ತು. ಬಸ್ಸು ಹತ್ತುವಾಗ ಕಂಡಕ್ಟರ್ ಕೈ ಚಾಚಿದರೆ ಆ ಕೈಗೆ ಚಿಲ್ಲರೆ ಕೊಟ್ಟು ತಾವೇ ಹತ್ತುತ್ತಿದ್ದರು.

ನನ್ನನ್ನು ಡೇರೆಗೆ ಎಳೆದದ್ದು ಹರದನಹಳ್ಳಿಯ ಹತ್ತಿರ ಮಾಡಿದ ಹುಡುಗಿಯರ ಶಿಬಿರ. ಎರಡನೆಯ ಮಹಿಳಾ ಟೀಚರ್ ಬೇಕಿತ್ತು, ಹೆಡ್‌ಮಾಸ್ಟರು ನನ್ನ ಹೆಸರು ಬರೆದರು. ನಾನು ಟಾರ್ಚು, ನೋವಿನ ಮುಲಾಮು, ಸುಣ್ಣದ ಡಬ್ಬಿ, ಹಾವು ಬಂದರೆ ಹೇಳಲು ಒಂದು ಸ್ತೋತ್ರ, ಎಲ್ಲ ಹಿಡಿದುಕೊಂಡು ಹೋದೆ. ಮಲಗಿದವಳಿಗೆ ಎಚ್ಚರವಾದದ್ದು ಬೆಳಗಾದ ಮೇಲೆ. ನನ್ನ ಗೊರಕೆಗೆ ಪಕ್ಕದ ಡೇರೆಯ ಮಕ್ಕಳು ಎದ್ದು ಕೂತಿದ್ದರಂತೆ. ಡೇರೆಯಿಂದ ತಲೆ ಹೊರಗೆ ಹಾಕಿದೆ. ಇಬ್ಬನಿ ಬಿದ್ದ ಹೊಲ, ಯಾರದೋ ಮನೆಯ ಹೊಗೆ, ನನ್ನನ್ನು ಯಾರೂ ಕಾಫಿ ಕೇಳುತ್ತಿಲ್ಲ. ಅಷ್ಟು ಸುಖ ನನಗೆ ಅದುವರೆಗೆ ಗೊತ್ತಿರಲಿಲ್ಲ, ನಾಚಿಕೆ ಬಿಟ್ಟು ಹೇಳುತ್ತೇನೆ.

ಆಮೇಲೆ ಪ್ರತಿ ವರ್ಷ, ರಾಗಿ ಕೊಯ್ಲು ಮುಗಿದು ಹೊಲ ಖಾಲಿಯಾಗುವುದನ್ನೇ ಕಾಯುತ್ತಿದ್ದೆವು. ಅವರು ಒಂದು ಡೇರೆ ತಂದರು, ಒಂದು ಹಳೆಯ ಕಾರು ತಂದರು. ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟ, ಗೊರೂರಿನ ಹಿನ್ನೀರಿನ ಅಂಚು, ಎಲ್ಲಿ ಹೋದರೂ ಅವರ ಹಳೆಯ ವಿದ್ಯಾರ್ಥಿನಿ ಒಬ್ಬಳ ಹೊಲ ಇರುತ್ತಿತ್ತು. ಸೊಗಡಿನ ಅವರೆಕಾಯಿ ಸುಲಿದು ನಾನು ಉಪ್ಪಿಟ್ಟು ಮಾಡುತ್ತಿದ್ದೆ, ಅವರು ಮುದ್ದೆ ಕಟ್ಟುತ್ತಿದ್ದರು. ನಾನಿದ್ದಾಗ ಮಾಂಸ ತರುತ್ತಿರಲಿಲ್ಲ. ಮೊಟ್ಟೆ ಮಾತ್ರ ಬೇಯಿಸಿಕೊಂಡು ತರುತ್ತಿದ್ದರು. "ಆ ಕಡೀಕ್ ತಿರುಗ್ಕಳ್ರೀ, ಎರಡೇ ನಿಮಿಷ" ಅಂದು ಮರದ ಹಿಂದೆ ನಿಂತು ತಿಂದು, ಬಾಯಿ ಮುಕ್ಕಳಿಸಿ ಬರುತ್ತಿದ್ದರು. ನಮ್ಮ ಯಜಮಾನರನ್ನು ಒಮ್ಮೆ ಕರೆದೆವು. "ಮನೆ ಕಟ್ಟಿರೋದು ಯಾಕೆ, ಬೀಗ ಹಾಕ್ಕೊಂಡು ಹೊಲದಲ್ಲಿ ಮಲಗೋಕಾ?" ಅಂದರು. ಮತ್ತೆ ಕರೆಯಲಿಲ್ಲ.

ಪಿ.ಟಿ. ಟೀಚರುಗಳ ಮಂಡಿ ಬೇಗ ಸವೆಯುತ್ತದೆ. ನಿವೃತ್ತಿಯಾಗಿ ಎರಡು ವರ್ಷಕ್ಕೆ ಅವರ ಎರಡೂ ಮಂಡಿ ಕಟಕಟ ಅನ್ನತೊಡಗಿದವು. ನಡೆಯಲು ತೊಂದರೆ ಇಲ್ಲ, ಕಾರು ಓಡಿಸಲು ತೊಂದರೆ ಇಲ್ಲ. ನೆಲಕ್ಕೆ ಕೂತರೆ ಮಾತ್ರ ಏಳುವುದು ಕಷ್ಟ. ಅವರು ಇದನ್ನು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಗೊತ್ತಾದದ್ದು ಗೊರೂರಿನಲ್ಲಿ.

ಆ ಬೆಳಿಗ್ಗೆ ನಾನು ಮೊದಲೇ ಎದ್ದು ಹೊರಗೆ ಬಂದು ಕಾಫಿ ಕಾಯಿಸಿದೆ. ಆರಿಹೋಯಿತು, ಮತ್ತೆ ಕಾಯಿಸಿದೆ. ಅವರು ಬರಲಿಲ್ಲ. ಐದು ಗಂಟೆಗೆ ಏಳುವ ಹೆಂಗಸು, ಬಿಸಿಲು ಬಂದರೂ ಸದ್ದಿಲ್ಲ. ಒಳಗೆ ಬಗ್ಗಿ ನೋಡಿದರೆ ಮಲಗಿಲ್ಲ, ಕೂತಿದ್ದಾರೆ. ಮೈಯೆಲ್ಲ ಬೆವರು. ಒಂದು ಗಂಟೆ ಹೊತ್ತಿನಿಂದ ಏಳಲು ನೋಡುತ್ತಿದ್ದರು. ಹತ್ತು ಹೆಜ್ಜೆ ಆಚೆ ನಾನಿದ್ದೆ, ಕೂಗಿರಲಿಲ್ಲ. ನಾನು ಕೈ ಚಾಚಿದೆ. "ಬ್ಯಾಡ" ಅಂದರು, ಮೆಲ್ಲಗೆ, ಆದರೆ ಸೀಟಿ ಊದಿದ ಹಾಗೇ ಇತ್ತು. ಮಗುವಿನ ಹಾಗೆ ನಾಲ್ಕು ಕಾಲಿನ ಮೇಲೆ ತಿರುಗಿ, ಡೇರೆಯ ಕೋಲು ಹಿಡಿದು ಎದ್ದರು. ಕೋಲು ಬಾಗಿ ಡೇರೆ ನಮ್ಮಿಬ್ಬರ ಮೇಲೂ ಬಿತ್ತು. ನಕ್ಕೆವು. ಆದರೆ ವಾಪಸು ಬಂದ ಮೇಲೆ ಅವರು ನಮ್ಮ ಮನೆ ಮುಂದೆ ಕಾರು ನಿಲ್ಲಿಸಿ, ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು, "ಇದೇ ಕೊನೆ ಕಣ್ರೀ ಟೀಚರ್ರೇ. ನೆಲದಿಂದ ಏಳಕ್ಕಾಗ್ದೋಳು ನೆಲದ ಮ್ಯಾಲೆ ಮಲಗಬಾರ್ದು" ಅಂದರು.

ನನಗೆ ಊಟ ಸೇರಲಿಲ್ಲ. ವರ್ಷಕ್ಕೆ ಹತ್ತು ದಿನದ ಆ ಸುಖ ಹೋಗುತ್ತದಲ್ಲ ಎಂಬ ಸ್ವಾರ್ಥ ಅರ್ಧ. ಮನೆಯ ಜಗುಲಿಯ ಮೇಲೆ ಟಿ.ವಿ. ಸದ್ದು ಕೇಳುತ್ತ ಕೂತಿರುವ ಪಿ.ಟಿ. ಮೇಡಂ ಅವರನ್ನು ನೆನೆಸಿಕೊಳ್ಳಲು ಆಗದ್ದು ಇನ್ನರ್ಧ. ಮೂರನೆಯ ದಿನ ಫೋನು ಮಾಡಿ, "ನೆಲದ ಮೇಲೆ ಬೇಡ ಅಂದರೆ ನೆಲದಿಂದ ಮೇಲೆ ಮಲಗೋಣ ಮೇಡಂ, ಅದಕ್ಕೇನಂತೆ?" ಅಂದೆ. ಲೆಕ್ಕದ ಟೀಚರು ಹೇಳಬಹುದಾದದ್ದು ಅಷ್ಟೇ. ಆ ಕಡೆಯಿಂದ "ಸಂಜೀಕ್ ಬತ್ತೀನಿ" ಅಂದರು.

ಅಲ್ಲಿಂದ ಶುರುವಾಯಿತು ಆರಿಸುವ ಕೆಲಸ. ಹೆಣ್ಣು ನೋಡುವುದಕ್ಕೂ ಯಾರೂ ಅಷ್ಟು ತಕರಾರು ಮಾಡಿರಲಾರರು. ಮೊದಲು ಡೇರೆಯೊಳಗೆ ಮಡಿಸುವ ಮಂಚ ಹಾಕಿ ನೋಡಿದೆವು. ಮಂಚದ ಕಾಲು ಡೇರೆಯ ತಳಕ್ಕೆ ನಾಲ್ಕು ತೂತು ಮಾಡಿತು, ಅವರ ತಲೆ ಮಾಡಿಗೆ ತಗುಲಿತು. ಕಾರಿನ ತಲೆಯ ಮೇಲೆ ಬಿಚ್ಚುವ ಡೇರೆಯೊಂದು ಇದೆಯಂತೆ, ಫೋನಿನಲ್ಲಿ ತೋರಿಸಿದೆ. "ಏಳಕ್ಕಾಗ್ದೋಳು ಏಣಿ ಅತ್ಬೇಕಾ?" ಎಂದು ಫೋನು ವಾಪಸು ಕೊಟ್ಟರು. ಹಳೆಯ ವ್ಯಾನಿನಲ್ಲಿ ಹಾಸಿಗೆ ಹಾಕಿಸಿ ಎಂದು ನಮ್ಮ ಯಜಮಾನರು ಹೇಳಿದರು. ಅಂಥದ್ದೊಂದರಲ್ಲಿ ಮಲಗಿ ನೋಡಿ, "ಆಂಬುಲೆನ್ಸ್ ಇದ್ದಂಗದೆ, ಬ್ಯಾಡಪ್ಪ" ಅಂದರು. ಕೊನೆಗೆ ಫ್ರಿಜ್ಜು, ಸೋಫಾ, ಸಂಡಾಸು ಎಲ್ಲ ಇರುವ ದೊಡ್ಡ ಕ್ಯಾರವಾನಿನ ವಿಡಿಯೋ ನೋಡಿದೆವು. ನನಗೆ ಬಾಯಲ್ಲಿ ನೀರು ಬಂತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಇದನ್ನ ಎಳ್ಕಂಡು ಕೆರೆ ಏರಿ ಮ್ಯಾಲೆ ಓದ್ರೆ, ಎದುರಿಗ್ ಬರೋ ಎಮ್ಮೆ ಎಲ್ಲಿಗ್ ಓಗ್ಬೇಕ್ರೀ?" ಎಂದು ಕೇಳಿದರು.

ಅವತ್ತೇ ಅವರು ಷರತ್ತು ಹಾಕಿದ್ದು. ಎಂಥದ್ದೇ ಆಗಲಿ, ನಾವಿಬ್ಬರೇ ಕೈಯಲ್ಲಿ ತಳ್ಳುವ ಹಾಗಿರಬೇಕು. ಹೊಲದಲ್ಲಿ ಹೂತುಕೊಂಡರೆ ಗಂಡಸರನ್ನು ಕೂಗಿ ಕರೆಯುವಂಥದ್ದು ತಮಗೆ ಬೇಡ. ಫೋನಿನ ವಿಡಿಯೋಗಳಲ್ಲಿ ಕೊನೆಗೆ ಸಿಕ್ಕಿದ್ದು ಒಂದು ಪುಟಾಣಿ ಗಾಡಿ. ತಲೆಯ ಕಡೆ ಎತ್ತರ, ಕಾಲಿನ ಕಡೆ ಇಳಿಜಾರು, ಹಲಸಿನ ಬೀಜದ ಆಕಾರ. ಯಾವುದೋ ದೇಶದ ಅಜ್ಜ ಮನೆಯಲ್ಲೇ ಕಟ್ಟಿಕೊಂಡಿದ್ದ. "ಆ ಮುದುಕಪ್ಪ ಕಟ್ಟವನೆ ಅಂದ್ರೆ ನಾವು ಕಟ್ಟಿಸಕ್ಕಾಗಲ್ವಾ?" ಅಂದರು.

ಅರಕಲಗೂಡಿನ ರಸ್ತೆಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಒಬ್ಬ ವೆಲ್ಡರ್ ಸಿಕ್ಕಿದ. ಹುಲ್ಲಿನ ಲೋಡು, ಗೊಬ್ಬರದ ಲೋಡು, ಕಬ್ಬಿನ ಲೋಡು ಬಿಟ್ಟು ಅವನಿಗೆ ಬೇರೆ ಪ್ರಪಂಚ ಇಲ್ಲ. "ಇಷ್ಟು ಚಿಕ್ಕದ್ರಲ್ಲಿ ಏನ್ ಲೋಡ್ ಬತ್ತದೆ ಮೇಡಂ?" ಎಂದು ಕೇಳಿದ. "ನಾವಿಬ್ರೇ ಲೋಡು" ಅಂದರು ಇವರು. ಅವನಿಗೆ ಅರ್ಥವಾಗಲಿಲ್ಲ. ಇವರು ಬ್ಯಾಗಿನಿಂದ ಸೀಮೆಸುಣ್ಣ ತೆಗೆದು, ಕಬಡ್ಡಿ ಅಂಕಣಕ್ಕೆ ಗೆರೆ ಹಾಕುವ ಹಾಗೆ ಕಾಲಿನಿಂದ ಅಳೆದು, ಸಿಮೆಂಟಿನ ನೆಲದ ಮೇಲೆ ನನ್ನಿಂದ ಗೆರೆ ಹಾಕಿಸಿದರು. ಆಮೇಲೆ, "ಟೀಚರ್ರೇ, ಮಲಗ್ರೀ" ಅಂದರು.

"ಇಲ್ಲೇನ್ರೀ?" ಅಂದೆ.

"ಮತ್ತೆ? ನಾ ಮಲಗಿದ್ರೆ ಏಳೋರ್ಯಾರು?"

ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಹುಟ್ಟಿದ ನಾನು, ಅರಕಲಗೂಡಿನ ವೆಲ್ಡಿಂಗ್ ಅಂಗಳದಲ್ಲಿ, ಇಸ್ತ್ರಿ ಸೀರೆಯಲ್ಲಿ, ಅಂಗಾತ ಮಲಗಿದೆ. ಕೆಲಸದವರು ಆ ಕಡೆ ತಿರುಗಿಕೊಂಡು ನಕ್ಕರು. ನಮ್ಮ ಅತ್ತೆ ಬದುಕಿದ್ದು ನೋಡಿದ್ದರೆ ನನ್ನನ್ನು ತವರಿಗೆ ಕಳಿಸುತ್ತಿದ್ದರು. ಇವರು ನನ್ನ ಪಕ್ಕದಲ್ಲಿ ತಮ್ಮ ಎತ್ತರಕ್ಕೆ ಇನ್ನೊಂದು ಗೆರೆ ಹಾಕಿಸಿ, ಎರಡರ ಮಧ್ಯೆ ಗೊರಕೆಗೆಂದು ನಾಲ್ಕಂಗುಲ ಬಿಡಿಸಿದರು. ಮಂಚದ ಎತ್ತರ ಸ್ಟೂಲಿನಷ್ಟು, ಕಾಲು ಇಳಿಬಿಟ್ಟು ನಿಂತರೆ ಸಾಕು. ಕಾಲಿನ ಕಡೆ ಮೇಲೊಂದು ಬೀರು. ಹಿಂದಿನ ಅಡಿಗೆಮನೆಯಲ್ಲಿ ಎರಡು ಗೂಡು, ಒಂದು ನನ್ನ ಚಟ್ನಿಪುಡಿಗೆ, ಒಂದು ಅವರ ಮೊಟ್ಟೆಗೆ. ಇನ್ನು ಮರದ ಹಿಂದೆ ಹೋಗುವುದು ಬೇಡ ಎಂದು ನಾನೇ ಹೇಳಿದೆ.

ನಾಲ್ಕು ತಿಂಗಳು ಶನಿವಾರ ಶನಿವಾರ ಅರಕಲಗೂಡಿಗೆ ಹೋದೆವು. ಹೋದ ತಕ್ಷಣ ಮೊದಲ ಕೆಲಸ ಗಾಡಿ ತಳ್ಳಿ ನೋಡುವುದು. ವೆಲ್ಡರ್ ಪ್ರತಿ ವಾರ ಒಂದೊಂದು ಕಬ್ಬಿಣದ ಪಟ್ಟಿ ಜಾಸ್ತಿ ಹಾಕಿರುತ್ತಿದ್ದ. ಟ್ರ್ಯಾಕ್ಟರಿನ ಕೈ ಅದು, ತೆಳ್ಳಗೆ ಏನನ್ನೂ ಮಾಡಲು ಬರುವುದಿಲ್ಲ. "ಗಟ್ಟಿ ಇರ್ಲಿ ಬುಡಿ ಮೇಡಂ, ಓರಿ ಬಂದು ಗುದ್ದುದ್ರೂ ಅಳ್ಳಾಡಬಾರ್ದು" ಎನ್ನುತ್ತಿದ್ದ. "ಓರಿಗಲ್ಲ ಕಣಪ್ಪ ಕಟ್ಟುಸ್ತಿರಾದು, ತೆಗಿ ಅದನ್ನ" ಎಂದು ಇವರು ನಿಂತು ತೆಗೆಸುತ್ತಿದ್ದರು. ಆರ್.ಟಿ.ಒ. ಕಾಗದದ ಕಥೆ ಬೇರೆ ಇದೆ, ಅದನ್ನು ಬರೆದರೆ ಈ ಬರಹ ಮುಗಿಯುವುದಿಲ್ಲ. ಅಂತೂ ಕಾರ್ತಿಕದ ಹೊತ್ತಿಗೆ ಹಸಿರು ಬಣ್ಣ ಬಳಿದುಕೊಂಡು ಗಾಡಿ ಸಿದ್ಧವಾಯಿತು. ನಾವಿಬ್ಬರೂ ತಳ್ಳಿದೆವು. ಹೋಯಿತು. ವೆಲ್ಡರನ ಹೆಂಡತಿ ಆರತಿ ಎತ್ತಿ ಗಾಲಿಗೆ ನಿಂಬೆಹಣ್ಣು ಇಟ್ಟಳು.

ಮೊದಲ ಪ್ರಯಾಣ ಗೊರೂರಿಗೇ ಎಂದು ಅವರು ಹಟ ಹಿಡಿದರು. ಡೇರೆ ಬಿದ್ದ ಅದೇ ಹೊಲ. ಸಂಜೆ ಹೊತ್ತಿಗೆ ಹಿನ್ನೀರಿನ ಅಂಚಿಗೆ ಹೋಗಿ ನಿಲ್ಲಿಸಿದೆವು. ಗಾಡಿ ಹೋಗುವಷ್ಟು ಇದ್ದದ್ದು ಒಂದೇ ಬಂಡಿ ಜಾಡು, ಅದು ಹೋದ ಹಾಗೆ ನಾವೂ ಹೋಗಿ ನಿಂತೆವು. ಅವರು ಒಳಗೆ ಹಾಸಿಗೆ ಬಿಡಿಸುತ್ತಿದ್ದರು. ನಾನು ಮುಳುಗುವ ಸೂರ್ಯನನ್ನು ನೋಡುತ್ತ ನಿಂತಿದ್ದೆ. ಎಷ್ಟು ಚೆಂದ ಅಂದುಕೊಂಡೆ. ಆಮೇಲೆ ಹೊಳೆಯಿತು. ಸೂರ್ಯ ಕಾರಿನ ಎಡಗಡೆ ಇದ್ದಾನೆ. ಅಂದರೆ ಕಾರಿನ ಮೂತಿ ಉತ್ತರಕ್ಕೆ. ಅಂದರೆ ಗಾಡಿಯ ಮೂತಿ ಉತ್ತರಕ್ಕೆ. ಅಂದರೆ ನಮ್ಮಿಬ್ಬರ ತಲೆ!

ಡೇರೆಗೆ ಈ ತೊಂದರೆ ಇರಲಿಲ್ಲ. ಎಲ್ಲಿ ಹಾಕಿದರೂ ಒಳಗೆ ತಲೆಯನ್ನು ಪೂರ್ವಕ್ಕೋ ದಕ್ಷಿಣಕ್ಕೋ ತಿರುಗಿಸಿಕೊಂಡರೆ ಆಯಿತು. ಗಾಡಿಯಲ್ಲಿ ತಲೆ ಮುಂದಿನ ಕಡೆಗೇ ಇರಬೇಕು, ಗಾಡಿ ಕಾರು ನಿಂತ ಕಡೆಗೇ ನಿಲ್ಲುತ್ತದೆ. ನಾಲ್ಕು ತಿಂಗಳು ಅಂಗುಲ ಅಂಗುಲ ಅಳೆದು ಕಟ್ಟಿಸಿದ ನಮಗೆ, ಮಕ್ಕಳಿಗೆ ದಿಕ್ಕು ಹೇಳಿಕೊಟ್ಟ ನಮಗೆ, ಇದು ಹೊಳೆದಿರಲಿಲ್ಲ.

"ಮೇಡಂ, ಉತ್ತರಕ್ಕೆ ತಲೆ ಹಾಕ್ಕೊಂಡು ಮಲಗೋದೇನ್ರೀ?" ಅಂದೆ. "ಗಣಪತಿಗೆ ಆನೆ ತಲೆ ಬಂದದ್ದು ಎಲ್ಲಿಂದ? ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಆನೆಯಿಂದ. ನಮ್ಮಜ್ಜಿ ಹೇಳ್ತಿದ್ರು."

"ನಿಮ್ ತಲೆ ಯಾರ್ಗ್ರೀ ಬೇಕು?" ಎಂದು ನಕ್ಕರು. ಆದರೆ ಹಾಸಿಗೆ ಬಿಡಿಸುತ್ತಿದ್ದ ಕೈ ನಿಂತಿತು. "ನಮ್ಮವ್ವನೂ ಇದನ್ನೇ ಅಂತಿದ್ಲು" ಅಂದರು.

ತಲೆ ಕಾಲು ಅದಲು ಬದಲು ಮಾಡಿ ಮಲಗಿ ನೋಡಿದೆ. ಕಾಲಿನ ಕಡೆಯ ಬೀರುವಿಗೆ ಹಣೆ ಬಡಿದು ಬೋರೆ ಬಂತು. ಇನ್ನೇನು, ಕಾರಿನಿಂದ ಗಾಡಿ ಬಿಚ್ಚಿದೆವು. ಕಾಲು ಸುತ್ತು ತಿರುಗಿಸಿದರೆ ಪೂರ್ವ. ಅವರು ಮೂತಿ ಹಿಡಿದರು, ನಾನು ಹಿಂದೆ ನಿಂತೆ. "ಒನ್, ಟೂ" ಅಂದರು, ಡ್ರಿಲ್ಲಿನ ಗಂಟಲಲ್ಲಿ. ಸಾಧು ಹಸುವಿನ ಹಾಗೆ ಗಾಡಿ ತಿರುಗಿತು. ಅರುವತ್ತು ದಾಟಿದ ಇಬ್ಬರು ಹೆಂಗಸರು, ಯಾರನ್ನೂ ಕೂಗದೆ, ಮನೆಯನ್ನೇ ತಿರುಗಿಸಿ ಪೂರ್ವಕ್ಕೆ ನಿಲ್ಲಿಸಿದ್ದೆವು. ನಾನು ಚಪ್ಪಾಳೆ ತಟ್ಟಿದೆ. ಅವರು ಗಾಲಿಗೆ ಅಡ್ಡ ಕೊಡಲು ಒಂದು ಕಲ್ಲನ್ನು ಕಾಲಿನಲ್ಲಿ ನೂಕುತ್ತಿದ್ದರು. ಜೇಡಿಮಣ್ಣು, ಕಾಲು ಜಾರಿತು. ಮೆಲ್ಲಗೆ, ಒರಗಿಕೊಂಡ ಹಾಗೆ, ನೆಲದ ಮೇಲೆ ಕೂತುಬಿಟ್ಟರು.

"ನೋವಾಯ್ತಾ?" ಎಂದು ಓಡಿದೆ.

"ನೋವಿಲ್ಲ."

"ಮತ್ತೆ?"

"ಮತ್ತೇನಿಲ್ಲ. ಕೂತಿದೀನಿ."

ನಾಲ್ಕು ಕಾಲಿಗೆ ತಿರುಗಲು ನೋಡಿದರು, ಮಂಡಿ ಕೇಳಲಿಲ್ಲ. ಗಾಲಿ ಹಿಡಿಯಲು ನೋಡಿದರು, ಎಟುಕಲಿಲ್ಲ. ಮತ್ತೆ ಕೂತರು. ನಾನು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ, ಕೈ ಚಾಚಲಿಲ್ಲ. ಒಮ್ಮೆ ಚಾಚಿ ಬೇಡ ಅನ್ನಿಸಿಕೊಂಡಿದ್ದೆ, ಇನ್ನೊಮ್ಮೆ ಆ ಮುಖ ನೋಡುವ ಧೈರ್ಯ ಇರಲಿಲ್ಲ. ನನ್ನ ಉತ್ತರ ದಿಕ್ಕಿನಿಂದಲೇ ಹೀಗಾದದ್ದು. ನಾಳೆ ಈ ಗಾಡಿ ದುದ್ದದ ಕೊಟ್ಟಿಗೆ ಸೇರುತ್ತದೆ, ಅದರ ಮೇಲೆ ಹುಲ್ಲು ಒಟ್ಟುತ್ತಾರೆ, ಎಲ್ಲ ಮುಗಿಯಿತು ಅಂದುಕೊಂಡೆ. ಅವರು ನೀರಿನ ಕಡೆ ನೋಡುತ್ತಿದ್ದರು. ದೂರದಲ್ಲಿ ಯಾರೋ ತೆಪ್ಪದಲ್ಲಿ ಬಲೆ ಬಿಡುತ್ತಿದ್ದರು. ಕೂಗಿದರೆ ಬರುತ್ತಿದ್ದರೇನೋ. ಅವರು ಕೂಗಲಿಲ್ಲ, ನನಗೂ ಕೂಗು ಅನ್ನಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಈ ಕಡೆ ತಿರುಗಿದರು.

"ಏನ್ರೀ ಟೀಚರ್ರೇ, ಅಂಗೇ ನಿಂತ್ಕಂಡು ನೋಡ್ತಿದೀರಲ್ಲ. ಕೈ ಕೊಡ್ರೀ."

ಎರಡೂ ಕೈ ಕೊಟ್ಟೆ. ಮೊದಲ ಸಲ ಅರ್ಧ ಎದ್ದು ಮತ್ತೆ ಕೂತರು, ನಾನೂ ಅವರ ಮೇಲೆ ಬೀಳುವುದರಲ್ಲಿದ್ದೆ. ಎರಡನೆಯ ಸಲ ನಾನು ಗಾಲಿಗೆ ಕಾಲು ಕೊಟ್ಟು, ಹಲ್ಲು ಕಚ್ಚಿ ಎಳೆದೆ. ಎದ್ದರು. ನನ್ನ ಭುಜ ಹಿಡಿದು, ಏದುಸಿರು ಬಿಡುತ್ತ, ಸೀರೆಯ ಮಣ್ಣು ಕೂಡ ಕೊಡವದೆ ನಿಂತರು. ನನಗೆ ಅಳು ಬಂದಿತ್ತು. ಅವರು ಗಾಡಿಯನ್ನು ಮೂತಿಯಿಂದ ಬಾಲದವರೆಗೆ ಒಮ್ಮೆ ನೋಡಿದರು. ಆಮೇಲೆ ಇನ್ನೂ ಬಿಡದೆ ಹಿಡಿದಿದ್ದ ನನ್ನ ಕೈಯನ್ನು ನೋಡಿದರು. ಹೊಟ್ಟೆ ಕುಣಿಯುವ ಹಾಗೆ ನಗತೊಡಗಿದರು.

"ಇಷ್ಟೇಯಾ?" ಅಂದರು. "ಥೂ ನನ್ನ! ಪಕ್ಕದಲ್ಲೇ ಮಲಗಿದ್ರಲ್ರೀ ನೀವು. ಒಂದ್ ಕೈ ಕೇಳಾದ್ ಬುಟ್ಟು, ನಾಕ್ ತಿಂಗ್ಳು ಅರಕಲಗೂಡಿಗೆ ಅಲೆದು ಒಂದ್ ಗಾಡೀನೇ ಕಟ್ಟುಸ್ಬುಟ್ನಲ್ಲ!"